ಮುರುಗೇಂದ್ರಪ್ಪನವರ ಕೀ ಫ್ಲಾಪಿ

೨೦೦೩ರ ಒಂದು ಸೋಮವಾರ. ಮೊಳಕಾಲ್ಮೂರಿನ ನೇಕಾರರ ಸಂಘದಲ್ಲಿ ಕಾರ್ಯದರ್ಶಿ ಮುರುಗೇಂದ್ರಪ್ಪ ಬುತ್ತಿ ಬಿಚ್ಚುವ ಹೊತ್ತಿಗೆ ಗಂಗಲಕ್ಷ್ಮಿ ಒಳಗೆ ಬಂದಳು. ಎರಡು ವರ್ಷ ತಲೆ ಕೆಡಿಸಿಕೊಂಡು ಅವಳು ಕಟ್ಟಿದ ಸೀರೆ ಅಂಚಿನ ವಿನ್ಯಾಸ, ಸಂಘದ ಕಂಪ್ಯೂಟರಿನಲ್ಲಿ ಈಗ ಬೇರೆಯವರ ಹೆಸರಿಗಿತ್ತು. ದಾಖಲೆಯಲ್ಲಿ ಹೆಸರಿದ್ದವರು ಮಾತ್ರ ಆ ಅಂಚು ನೇಯಬೇಕೆಂಬುದು ಸಂಘದ ಕಟ್ಟಳೆ.

“ಅಣ್ಣಾ, ನೀವೇ ಬದಲಾಯಿಸಿದ್ರಾ?”

“ಏನಮ್ಮಾ ಹಿಂಗಂತೀಯಾ!” ಎಂದು ಮುರುಗೇಂದ್ರಪ್ಪ ಕೂಡಲೇ ಚಳ್ಳಕೆರೆಗೆ ಫೋನ್ ಹಚ್ಚಿದರು. ದಾಖಲೆಗಳೆಲ್ಲ ಇದ್ದ ದೊಡ್ಡ ಕಂಪ್ಯೂಟರ್ ಅಲ್ಲಿತ್ತು, ಬಾಲರಾಜ್ ನೋಡಿಕೊಳ್ಳುತ್ತಿದ್ದ.

“ಶುಕ್ರವಾರ ಮೂರು ಗಂಟೆಗೆ ನಿಮ್ಮ ಕೀಯಿಂದಲೇ ಬದಲಾಗೈತೆ ಸಾರ್.”

“ಶುಕ್ರವಾರ ನಾನು ನಾಯಕನಹಟ್ಟೀಲಿದ್ದೆ ಕಣಪ್ಪಾ!”

“ಕಂಪ್ಯೂಟರಿಗೆ ಮುಖ ಕಾಣಲ್ಲ ಸಾರ್. ದಾಖಲೆ ತಿದ್ದೋಕೆ ನಿಮ್ಮ ಫ್ಲಾಪಿಯಲ್ಲಿರೋ ಗುಟ್ಟಿನ ಕೀ ಯಾರು ಹಾಕ್ತಾರೋ ಅವರೇ ಮುರುಗೇಂದ್ರಪ್ಪ. ಬೇರೆ ಯಾರಿಗಾದ್ರೂ ಕೊಟ್ಟಿದ್ರಾ?”

ಮುರುಗೇಂದ್ರಪ್ಪನವರ ಕೈ ಜೇಬಿನಲ್ಲಿದ್ದ ಫ್ಲಾಪಿಯ ಮೇಲೆ ಹೋಯಿತು. ಇಲ್ಲ ಎನ್ನುವುದು ಅವರ ನಾಲಿಗೆಗೆ ಬಾರದ ಮಾತು. ಪರವೂರಿಗೆ ಹೋಗುವಾಗ ಮನೆ ಕೀಲಿ ಪಕ್ಕದ ಮನೆಗೆ ಕೊಟ್ಟು ಹೋಗುವ ಬೀದಿ ಅವರದು. ಹಾಗೆಯೇ ಗುಮಾಸ್ತ ಪಾಲಣ್ಣನಿಗೊಂದು, ಭಾಮೈದ ಮಾರುತಿಗೊಂದು, ಎದುರಿನ ಜೆರಾಕ್ಸ್ ಅಂಗಡಿಗೊಂದು ಫ್ಲಾಪಿ ಕಾಪಿ ಮಾಡಿಕೊಟ್ಟಿದ್ದರು.

“ಕೇಳಿದವರಿಗೆ ಕೊಡಲ್ಲ ಅಂದ್ರೆ ಅನುಮಾನ ಪಟ್ಟಂಗಲ್ವೇನಪ್ಪಾ?”

“ಈಗ ಮೂವರ ಮೇಲೂ ಅನುಮಾನ ಬಂತಲ್ಲ ಸಾರ್. ಅವರು ಇನ್ನೆಷ್ಟು ಕಾಪಿ ಮಾಡವ್ರೋ, ದೇವರಿಗೂ ಗೊತ್ತಾಗಲ್ಲ.”

ಪಾಲಣ್ಣ ಮೂಲೆಯಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದ. ಅವನು ಯಾಕೆ ತಲೆಯೆತ್ತುತ್ತಿಲ್ಲ? ಹನ್ನೆರಡು ವರ್ಷ ಜೊತೆಗೆ ಉಂಡವನ ಬಗ್ಗೆ ಹೀಗೆ ಯೋಚಿಸಿದ್ದಕ್ಕೆ ಮುರುಗೇಂದ್ರಪ್ಪನವರಿಗೆ ನಾಚಿಕೆಯಾಯಿತು. ಆದರೂ ಆ ಯೋಚನೆ ಹೋಗಲಿಲ್ಲ. ಇನ್ನು ಮನೆಗೆ ಹೋದರೆ ಮಾರುತಿಯ ಮುಖ ನೋಡುವುದು ಹೇಗೆ?

“ಕೀ ರದ್ದು ಮಾಡ್ಬಹುದು ಸಾರ್,” ಎಂದ ಬಾಲರಾಜ್. “ಕಾಪಿ ಕೊಟ್ಟಿದ್ದೆ ಅಂತ ಬರೆದು ಕೊಡ್ಬೇಕು. ಕೆಲಸಕ್ಕೆ ಕುತ್ತು ಬಂದ್ರೂ ಬರಬಹುದು. ಯಾವತ್ತಿನಿಂದ ರದ್ದು ಅಂತ ಬರೀತೀರೋ ಅವತ್ತಿನಿಂದ ಆ ಕೀಯಿಂದ ದಾಖಲಾಗಿರೋದೆಲ್ಲ ತನಿಖೆಗೆ ಹೋಗುತ್ತೆ. ಶುಕ್ರವಾರದಿಂದ ಅಂತ ಬರೀರಿ, ಅದಕ್ಕೂ ಮುಂಚೆ ದಾಖಲಾದ ನಿಮ್ಮನೆಯವ್ರ ಮೂರು ಅಂಚು ಉಳ್ಕೊತಾವೆ.”

ಸಂಕ್ರಾಂತಿಗೆ ದಾಖಲಾಗಿದ್ದ ಹೆಂಡತಿ ನಾಗರತ್ನಳ ಆ ಮೂರು ಅಂಚಿನಿಂದಲೇ ಅವರ ಮನೆಯ ಮಗ್ಗ ಆಡುತ್ತಿತ್ತು. ಎದುರಿಗೆ ಗಂಗಲಕ್ಷ್ಮಿ ಇನ್ನೂ ನಿಂತೇ ಇದ್ದಳು. ಅವಳಂತೆ ಇನ್ನೆಷ್ಟು ಜನರದು ಹೋಗಿದೆಯೋ ಎಂದುಕೊಂಡಾಗ ಅವರಿಗೆ ಭಯವಾಯಿತು.

“ಹೋದ ವರ್ಷದ ದೀಪಾವಳಿಯಿಂದ ರದ್ದು ಮಾಡಪ್ಪಾ,” ಎಂದರು. “ಮೊದಲನೇ ಕಾಪಿ ಕೊಟ್ಟಿದ್ದು ಅವತ್ತು.”