ಗಾಲ್ಫಿನ ಗರಿಕೆ

ನಮ್ಮತ್ತೆ ಶರಣಮ್ಮನವರಿಗೆ ಬೆಂಗಳೂರಿನ ಗರಿಕೆಯ ಮೇಲೆ ಕಾಸಿನಷ್ಟೂ ನಂಬಿಕೆ ಇರಲಿಲ್ಲ. ಬಿಟಿಎಂ ಲೇಔಟಿನ ನಮ್ಮ ಬೀದಿಯಲ್ಲಿ ಎಲ್ಲಿ ನಾಲ್ಕು ಎಸಳು ಹಸಿರು ಕಂಡರೂ ಅಲ್ಲೊಂದು ನಾಯಿ ಕಾಲೆತ್ತಿರುತ್ತದೆ. ಅಂಥದ್ದನ್ನು ಗಣಪ್ಪನ ತಲೆಗೇರಿಸುವುದೇ ಎಂದು ಸಂಕಷ್ಟಿ ಬಂದಾಗಲೆಲ್ಲ ಗೊಣಗುತ್ತಿದ್ದರು.

ಆ ಗೊಣಗು ಕೇಳಲಾರದೆ ನನ್ನ ಗಂಡ ಸಂಗಮೇಶ ಒಂದು ಸಂಜೆ ಸ್ಕೂಟರಿನ ಮುಂದೆ ಗೋಣಿಚೀಲ ಇಟ್ಟುಕೊಂಡು ಬಂದ. ಗೊಟ್ಟಿಗೆರೆಯಾಚೆಯ ಒಂದು ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸಿ ನೀರು ಬಿಡುವ ಕೆಲಸ ಅವನದು. ಅಲ್ಲಿನವರು ಬರ್ಮುಡಾ ಎನ್ನುವ ಹುಲ್ಲು, ನೋಡಿದರೆ ನಮ್ಮ ಗರಿಕೆಯೇ. ನೀರು ನಿಂತು ಹಾಳಾದ ಕಡೆ ಅದನ್ನು ಮಣ್ಣು ಸಮೇತ ಎತ್ತಿ ಎಸೆಯುತ್ತಾರಂತೆ. ಎಸೆದದ್ದರಲ್ಲಿ ಹಸಿರಾಗಿದ್ದ ಒಂದು ಹೆಂಟೆಯನ್ನು ತಂದಿದ್ದ.

"ಅಲ್ಲಿ ನಾಯಿನ ಒಳಗ ಬಿಡಂಗಿಲ್ಲ ಯವ್ವ," ಎಂದ. ಅತ್ತೆಯ ಮುಖ ಅರಳಿತು.

ಅವತ್ತಿನಿಂದ ಅದನ್ನು ನೆಟ್ಟ ಮೆಟ್ಟಿಲ ಪಕ್ಕದ ಕುಂಡವೇ ಅವರಿಗೆ ಕೈಲಾಸ. ಬೆಳಗ್ಗೆ ಸ್ನಾನ ಮಾಡಿ, ಬರಿಗೈಯಲ್ಲಿ ಬೇರಿನ ಸುತ್ತ ಮಣ್ಣು ಸಡಿಲಿಸಿ, ಗರಿಕೆ ಕಿತ್ತರೇ ಸಮಾಧಾನ. ಈಳಿಗೆ ತಾಗಿ ಬೆರಳು ಸೀಳಿತ್ತು. ಶುಗರ್ ಇದ್ದ ಮೈ, ಗಾಯ ಮಾಯುತ್ತಿರಲಿಲ್ಲ. ಬಟ್ಟೆ ಸುತ್ತಿಕೊಳ್ಳಿ ಎಂದರೆ ಮಡಿ ಕೆಡುತ್ತದೆಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಹಠ ಅಂದರೆ ಹಠ. ಕೆಳಗಿನ ಮನೆಯ ಓನರ್ ಸಿದ್ದಗಂಗಮ್ಮನಿಗೂ ಶುಗರ್. ಇಬ್ಬರೂ ಆ ಕುಂಡದ ಪಕ್ಕದಲ್ಲೇ ಕೂತು ಮಾತ್ರೆ ನುಂಗಿ, ಸೊಸೆಯಂದಿರನ್ನು ಆಡಿಕೊಳ್ಳುತ್ತಿದ್ದರು.

ಮಳೆ ಹಿಡಿದ ತಿಂಗಳಲ್ಲಿ ಅತ್ತೆಗೆ ಜ್ವರ ಬಂತು. ಬಂದದ್ದು ಬಿಡಲೇ ಇಲ್ಲ. ಕೆಮ್ಮು ಶುರುವಾಯಿತು. ಜಯನಗರದ ನರ್ಸಿಂಗ್ ಹೋಮಿನಲ್ಲಿ ಎಕ್ಸರೇ ತೆಗೆದು, ಟೀಬಿ ಇದ್ದಂತಿದೆ ಎಂದರು. ಪಾಪ, ಡಾಕ್ಟರು ಕೇಳಬೇಕಾದ್ದನ್ನೂ ಕೇಳಿದರು. "ಹೊಲ, ತೋಟ, ಮಣ್ಣಿನ ಕೆಲಸ ಏನಾದ್ರೂ ಮಾಡ್ತೀರಾ ಅಮ್ಮ?"

ಜ್ವರದಲ್ಲೂ ಅತ್ತೆಯ ನಾಲಿಗೆ ಮೊಂಡಾಗಿರಲಿಲ್ಲ. "ಈ ಊರಾಗ ಮಣ್ಣು ಎಲ್ಲೈತ್ರಿ ಸಾಹೇಬ್ರ? ಸತ್ರ ಮುಚ್ಚಾಕೂ ಸಿಗಂಗಿಲ್ಲ."

ಡಾಕ್ಟರು ನಕ್ಕರು. ನಾವೂ ನಕ್ಕೆವು. ಒಬ್ಬರಿಗಾದರೂ ಆ ಕುಂಡ ನೆನಪಾಗಬಾರದಿತ್ತೇ? ಅದು ದೇವರದು. ದೇವರದನ್ನು ಮಣ್ಣು ಎಂದು ಯಾರು ಅಂದುಕೊಳ್ಳುತ್ತಾರೆ!

ಟೀಬಿ ಮಾತ್ರೆ ನುಂಗುತ್ತಲೇ ಅತ್ತೆ ಸೊರಗಿದರು. ಮಾತು ನಿಂತಿತು. ಆಮೇಲೆ ರಕ್ತದ ರಿಪೋರ್ಟ್ ಬಂದಾಗ ಡಾಕ್ಟರು ನಮ್ಮಿಬ್ಬರನ್ನೂ ಒಳಗೆ ಕರೆದು ಯಾವುದೋ ಹೆಸರು ಹೇಳಿದರು. ಅದಕ್ಕೆ ನನ್ನ ನಾಲಿಗೆ ಹೊರಳಲಿಲ್ಲ. ಒದ್ದೆ ಮಣ್ಣಿನಲ್ಲಿ, ಹುಲ್ಲಿನ ಬೇರಿನ ಸುತ್ತ ಬದುಕುವ ಬ್ಯಾಕ್ಟೀರಿಯಾ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ, ಶುಗರ್ ಇದ್ದವರ ಗಾಯಕ್ಕೆ ಹೊಕ್ಕರೆ ಬಿಡುವುದಿಲ್ಲ. ಅದಕ್ಕೆ ಬೇರೆಯೇ ಔಷಧಿ, ಮೊದಲೇ ಕೊಡಬೇಕಿತ್ತು ಎಂದರು. ನಾನು ಕುಂಡದ ವಿಷಯ ಹೇಳಿದೆ. ಅದರಿಂದಲೇ ಇರಬಹುದು ಎಂದರು. ಸಂಗಮೇಶ ತನ್ನ ಎರಡೂ ಅಂಗೈ ನೋಡಿಕೊಂಡು ಕೂತುಬಿಟ್ಟ.

ಹೊಸ ಔಷಧಿ ಏರುತ್ತಿರುವಾಗಲೇ ಅತ್ತೆ ಹೋದರು. ನಮ್ಮಲ್ಲಿ ಹೂಳುವುದು ಪದ್ಧತಿ. ಸಂಗಮೇಶ ಹಿಡಿ ಮಣ್ಣು ಎತ್ತಿಕೊಂಡವನು ಹಾಕಲಾರದೆ ನಿಂತ. ಹಿರಿಯರು ಗದರಿಸಿದ ಮೇಲೆ ಹಾಕಿದ. ನಾನು ಯಾರ ಮೇಲೆ ಅಂತ ಸಿಟ್ಟಾಗಲಿ, ತಾಯಿಗೆ ಹುಲ್ಲು ತಂದುಕೊಟ್ಟ ಮಗನ ಮೇಲೆಯೇ?

ಮನೆಗೆ ಬಂದವಳೇ ಆ ಕುಂಡವನ್ನು ಎತ್ತಿ ಎಸೆಯಲು ಹೋದೆ. ಕುಂಡ ಬರಿದಾಗಿತ್ತು.

ಸಿದ್ದಗಂಗಮ್ಮ ಕಣ್ಣೊರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. "ನಾಳೆ ಸಂಕಷ್ಟಿ ಅಲ್ವಾ ಮಧುಮತಿ. ನಿಮ್ಮತ್ತೆ ನೆನಪಿಗೆ ಅಂತ ಬೀದಿಯ ಎಲ್ಲಾ ಮನೆಗೂ ಒಂದೊಂದು ಬೇರು ಹಂಚ್ದೆ. ನಾನೇ ಕೂತ್ಕೊಂಡು ಕೈಯಲ್ಲೇ ಬಿಡಿಸ್ದೆ."

ಅವರ ಕೈ ಹಿಡಿದು ನಲ್ಲಿಯ ಹತ್ತಿರ ಎಳೆದುಕೊಂಡು ಹೋದೆ. ಏನಾಯ್ತೇ, ಏನಾಯ್ತೇ ಎಂದು ಕೇಳುತ್ತಲೇ ಇದ್ದರು. ಉಗುರಿನ ಸಂದಿಯ ಮಣ್ಣು ನೀರಿನಲ್ಲಿ ಇಳಿದುಹೋಯಿತು. ಹೆಬ್ಬೆರಳ ಪಕ್ಕದಲ್ಲಿ ಒಂದು ಸೀಳುಗಾಯವಿತ್ತು.