ಎರಡನೇ ಗೇರು

ಕೆಂಪುಗಲ್ಲಿನ ಏರಿನ ನಟ್ಟನಡುವೆ ವ್ಯಾನು ಎರಡು ಸಲ ಮೈ ಒದರಿ ನಿಂತುಬಿಟ್ಟಿತು. ಜೇವಿಯರ್ ಬ್ರೇಕು ಒತ್ತಿ ಹಿಡಿದು ಮತ್ತೆ ಕೀಲಿ ತಿರುಗಿಸಿದ. ಇಂಜಿನ್ ಎದ್ದಿತು. ಕ್ಲಚ್ಚು ಬಿಡುತ್ತಿದ್ದಂತೆ ಮತ್ತೆ ಸತ್ತಿತು. ಗಾಡಿ ಒಂದು ಮೊಳ ಹಿಂದಕ್ಕೆ ಜಾರಿತು. ಹಿಂದಿನ ಸೀಟಿನಲ್ಲಿ ಗೆಡ್ಡೆಯ ಚೀಲವೊಂದು ಉರುಳಿ ಯಾರದೋ ಕಾಲ ಮೇಲೆ ಬಿದ್ದ ಸದ್ದಾಯಿತು.

"ಅಣ್ಣಾ, ಇಳೀಬೇಕೇನು?" ಎಂದು ಹಿಂದಿನಿಂದ ಸಾತಪ್ಪ ಕೇಳಿದ.

ಸಾತಪ್ಪನ ಮಾತಿನಲ್ಲಿ ಕುಹಕವೇನೂ ಇರಲಿಲ್ಲ. ಕುಂಬಾರವಾಡದಿಂದ ಜೋಯಿಡಾ ಸಂತೆಗೆ ಹೋಗುವವರಿಗೆ ಈ ಏರಿನಲ್ಲಿ ಇಳಿಯುವುದು ರೂಢಿ. ಬಸ್ಸನ್ನು ನಂಬಿ ಕೂತರೆ ಸಂತೆ ಮುಗಿದಿರುತ್ತದೆ. ಹಾಗಾಗಿ ಜೀಪುಗಳೇ ಗತಿ. ತುಂಬಿ ತುಳುಕುವ ಜೀಪು ಏರಿನ ಬುಡಕ್ಕೆ ಬರುತ್ತಲೇ ಗಂಡಸರು ಹೇಳಿಸಿಕೊಳ್ಳದೆ ಇಳಿಯುತ್ತಾರೆ, ಬೀಡಿ ಹಚ್ಚಿಕೊಂಡು ಹಿಂದೆ ಹಿಂದೆ ನಡೆಯುತ್ತಾರೆ, ಮೇಲೆ ಹೋಗಿ ಮತ್ತೆ ಹತ್ತಿಕೊಳ್ಳುತ್ತಾರೆ. ಒಬ್ಬನ ಕೈಯಲ್ಲಿ ಕಲ್ಲೊಂದು ಇರುತ್ತದೆ, ಗಾಡಿ ಜಾರಿದರೆ ಚಕ್ರಕ್ಕೆ ಕೊಡಲು. ಇದಕ್ಕೆ ಯಾರೂ ಮುಖ ಗಂಟು ಹಾಕಿಕೊಂಡವರಿಲ್ಲ.

ಜೇವಿಯರ್‌ನ ಜೀಪಿನಿಂದ ಮಾತ್ರ ಇಷ್ಟು ವರ್ಷಗಳಲ್ಲಿ ಒಬ್ಬರೂ ಇಳಿದಿರಲಿಲ್ಲ. ಎಷ್ಟು ಭಾರವಿರಲಿ, ಎಂಥ ಮಳೆಯಿರಲಿ, ಅವನ ಡೀಸೆಲ್ ಜೀಪು ಗುಡುಗುಡು ಎನ್ನುತ್ತ, ಒಂದಿಷ್ಟೂ ಅವಸರವಿಲ್ಲದೆ ಮೇಲೇರುತ್ತಿತ್ತು. ಮುದುಕರು, ಬಸುರಿಯರು, ಮಂಡಿ ನೋವಿನವರು ಬೇರೆ ಗಾಡಿ ಬಂದರೂ ಹತ್ತದೆ ಅವನಿಗಾಗಿ ಕಾಯುತ್ತಿದ್ದರು. ಅವನು ಹಳಿಯಾಳದ ಕಡೆಯ ಸಿದ್ದಿ ಜನಾಂಗದವನು, ಹೆಂಡತಿ ಮಾರ್ಥಾಳ ಊರೆಂದು ಇಲ್ಲಿಗೆ ಬಂದು ನೆಲೆಸಿದವನು, ಹೇಳಿಕೊಳ್ಳಲು ಒಂದು ಗುಂಟೆ ಗದ್ದೆಯೂ ಇಲ್ಲದವನು. 'ಜೇವಿಯರ್‌ನ ಗಾಡಿ ಹತ್ತಿದರೆ ಕೂತೇ ಹೋಗಬಹುದು' ಎಂಬ ಆ ಒಂದು ಮಾತೇ ಅವನು ಈ ಸೀಮೆಯಲ್ಲಿ ಗಳಿಸಿದ ಆಸ್ತಿ.

"ಯಾರೂ ಇಳೀಬ್ಯಾಡ್ರಿ," ಎಂದ ಜೇವಿಯರ್, ಸ್ವಲ್ಪ ಜೋರಾಗಿಯೇ. "ಹೊಸಾ ಗಾಡಿ. ರೂಢಿ ಆಗೂ ಮಟಾ ಹಿಂಗಽ."

ಪಕ್ಕದ ಸೀಟಿನಲ್ಲಿದ್ದ ಮಗಳು ಜ್ಯೂಲಿ ಗೇರಿನ ಕಡೆಗೇ ನೋಡುತ್ತಿದ್ದಳು. ಹೇಳುವುದನ್ನೆಲ್ಲ ಅವಳು ಹಿಂದಿನ ಸಂಜೆಯೇ ಹೇಳಿ ಮುಗಿಸಿದ್ದಳು.

ಜೀಪು ಮೂಲೆ ಸೇರಿ ಆಗಲೇ ಒಂದು ಮಳೆಗಾಲ ಕಳೆದಿತ್ತು. ಅದರ ಪಂಪು ಕೆಟ್ಟು, ಬಿಡಿಭಾಗ ಸಿಗದೆ, ದಾಂಡೇಲಿಯ ಫಿಟರ್ ಕೈ ಚೆಲ್ಲಿದ ಮೇಲೆ ಜೇವಿಯರ್ ಮನೆಯಲ್ಲಿ ಕೂತಿದ್ದ. ಕೂತು ಅಭ್ಯಾಸವಿಲ್ಲದ ಮನುಷ್ಯ ಕೂತರೆ ಮನೆಮಂದಿಗೆಲ್ಲ ಕಷ್ಟ. ಬಾವಿಯ ಹಗ್ಗದಿಂದ ಹಿಡಿದು ಒಲೆಯ ಬೂದಿಯವರೆಗೆ ಅವನು ತಪ್ಪು ಹುಡುಕದ ವಸ್ತು ಉಳಿದಿರಲಿಲ್ಲ. ದಾಂಡೇಲಿಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಕಾರು ಓಡಿಸುತ್ತಿದ್ದ ಜ್ಯೂಲಿ ಕೊನೆಗೆ ಆ ಕೆಲಸ ಬಿಟ್ಟು, ಒಬ್ಬರು ಓಡಿಸಿ ಬಿಟ್ಟಿದ್ದ ಪೆಟ್ರೋಲ್ ವ್ಯಾನೊಂದನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಊರಿಗೆ ಬಂದಳು. ಅಪ್ಪನ ದಾರಿಯಲ್ಲೇ ಗಾಡಿ ಓಡಿಸುತ್ತೇನೆ ಎಂದಳು.

ಹಿಂದಿನ ಸಂಜೆ ಅಂಗಳದಲ್ಲಿ ನಿಂತ ವ್ಯಾನಿನ ಸುತ್ತ ಜೇವಿಯರ್ ಒಂದು ಸುತ್ತು ಬಂದ. ವಧುವನ್ನು ನೋಡಲು ಹೋಗಿ ಒಪ್ಪಿಗೆಯಾಗದವನ ಮುಖ ಮಾಡಿದ.

"ಪೆಟ್ರೋಲ್ ಗಾಡಿ ಅದೇನ್ ಗಾಡಿ? ಪ್ಲಗ್ ಕಿಡಿ ಕೊಟ್ರ ಉಂಟು, ಇಲ್ಲಂದ್ರ ಇಲ್ಲ. ಡೀಸೆಲ್ ಹಂಗಲ್ಲವಾ. ಗಾಳೀನ ಒತ್ತಿ ಒತ್ತಿ ಕಾಸಿ ಇಟ್ಟಿರ್ತೈತಿ, ಎಣ್ಣಿ ಬಿದ್ದ ಕೂಡ್ಲೇ ತಾನಽ ಹೊತ್ಕೋತೈತಿ. ಯಾರ ಹಂಗೂ ಇಲ್ಲ ಅದಕ್ಕ. ಆ ವರ್ಷ ಹಳ್ಳದಾಗ ಸಾಹೇಬ್ರ ಪೆಟ್ರೋಲ್ ಜೀಪು ನೀರು ಕುಡದು ಕೆಮ್ಮಿ ಕುಂತಿತ್ತಲ್ಲ, ಎಳಕೊಂಡ್ ಬಂದದ್ದು ಯಾವ ಗಾಡಿ?"

"ನಿನ್ನ ಗಾಡಿ," ಎಂದಳು ಜ್ಯೂಲಿ. ಈ ಕಥೆಯನ್ನು ಅವಳು ತೊಟ್ಟಿಲಿನಿಂದ ಕೇಳುತ್ತ ಬಂದಿದ್ದಳು. "ನಾ ಇಲ್ಲ ಅನ್ನೂದಿಲ್ಲ ಅಪ್ಪಾ. ಡೀಸೆಲ್ ಎಣ್ಣಿ ಕಡಿಮಿ ಕುಡೀತೈತಿ, ನಿಧಾನ ನಡದ್ರೂ ಜಗ್ಗತೈತಿ. ಆದ್ರ ಇದು ಬ್ಯಾರೆ. ಇದರ ಶಕ್ತಿ ಕೆಳಗಿಲ್ಲ, ಮ್ಯಾಲೈತಿ. ಜೋರಾಗಿ ತಿರುಗಿದ್ರನಽ ಜಗ್ಗತೈತಿ. ಏರಿನ್ಯಾಗ ಎರಡನೇ ಗೇರಿಗೆ ಹಾಕಿ ರೇಸ್ ಕೊಟ್ಟು ಹಿಡೀಬೇಕು. ಚೀರ್ತೈತಿ. ಚೀರ್ಲಿ, ಬಿಡು."

"ಇಂಜಿನ್ ಚೀರಸಾಂವ ಡ್ರೈವರಽ ಅಲ್ಲ," ಎಂದುಬಿಟ್ಟ ಜೇವಿಯರ್. ಅದೊಂದು ಪಾಠವನ್ನು ಅವನು ಮಗಳಿಗೂ ಕಲಿಸಿದ್ದ. ಜೀಪಿನ ಬಾನೆಟ್ ಮೇಲೆ ಅಂಗೈ ಇಡಿಸಿ, ಇಂಜಿನ್ ಮೆಲ್ಲಗೆ ಮಿಡಿಯುವುದನ್ನು ಕೈಯಿಂದಲೇ ತಿಳಿಯುವಂತೆ ಮಾಡಿದ್ದ. ಇಂಜಿನ್ ಕೂಗಿತೆಂದರೆ ಅದಕ್ಕೆ ನೋವಾಗುತ್ತಿದೆ, ಗೇರು ಮೇಲಕ್ಕೆ ಹಾಕು ಎಂದು ಹೇಳಿಕೊಟ್ಟಿದ್ದ.

ಮೊದಲ ಸಂತೆಯ ದಿನ ಸ್ಟೇರಿಂಗ್ ಹಿಡಿಯುವುದು ತಾನೇ ಎಂದೂ ಹೇಳಿದ. "ಮಂದಿ ನನ್ನ ಮುಖಾ ನೋಡಿ ಹತ್ತತಾರ," ಎಂದ. ಅದು ನಿಜವಾಗಿತ್ತು. ಬೆಳಿಗ್ಗೆ ಜನ ಬಂದು ವ್ಯಾನನ್ನು ಅನುಮಾನದಿಂದ ನೋಡಿ, ಒಳಗೆ ಜೇವಿಯರ್ ಕೂತಿದ್ದನ್ನು ಕಂಡೇ ಹತ್ತಿದ್ದರು.

ಈಗ ಆ ಮುಖ ಬೆವರುತ್ತಿತ್ತು. ಅವನು ಇನ್ನೊಮ್ಮೆ ಶುರು ಮಾಡಿದ. ಮೊದಲನೇ ಗೇರಿಗೆ ಹಾಕಿ, ಜೀಪಿನಲ್ಲಿ ಮಾಡುವಂತೆಯೇ ಕಾಲನ್ನು ಹಗುರವಾಗಿ ಇಟ್ಟು, ಕ್ಲಚ್ಚನ್ನು ಇಷ್ಟಿಷ್ಟೇ ಬಿಟ್ಟ. ಗಾಡಿ ನಾಲ್ಕು ಮಾರು ಹೋಯಿತು. ಇಂಜಿನ್ ಕೂಗಿದ ಕೂಡಲೇ ಅವನ ಕೈ ತಾನಾಗಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಯಿತು. ಕಾಲು ಮೇಲೆದ್ದಿತು. ವ್ಯಾನು ಗಡಗಡ ನಡುಗಿ ಮತ್ತೆ ನಿಂತಿತು. ಕ್ಲಚ್ಚು ಸುಟ್ಟ ವಾಸನೆ ಒಳಗೆಲ್ಲ ತುಂಬಿಕೊಂಡಿತು. ಸಾತಪ್ಪ ಈ ಸಲ ಕೇಳಲಿಲ್ಲ. ಬಾಗಿಲು ಸರಿಸಿ ಇಳಿದ. ಅವನ ಹಿಂದೆ ಇನ್ನಿಬ್ಬರು ಇಳಿದರು.

ಹಿಂದಿನಿಂದ ರೋಹಿದಾಸನ ಜೀಪು ಬಂದು ನಿಂತಿತು. ರೋಹಿದಾಸ ಇದೇ ದಾರಿಯಲ್ಲಿ ಗಾಡಿ ಓಡಿಸುವವನು. ಕೆಟ್ಟವನಲ್ಲ, ಆದರೆ ಅವನೂ ಹೊಟ್ಟೆ ಹೊರೆಯಬೇಕಲ್ಲ. ಅವನ ಜೀಪಿನಲ್ಲಿ ಜಾಗವಿತ್ತು.

"ಜೇವಿಯರಣ್ಣಾ, ಗಾಡಿ ಮುನಿಸ್ಕೊಂಡೈತೇನು?" ಎಂದು ಕಿಟಕಿಯಿಂದಲೇ ಕೂಗಿದ. "ಮಂದೀನ ಈ ಕಡೆ ಕಳಸು. ಸಂತಿ ತಪ್ಪೂದು ಬ್ಯಾಡ."

ಜೇವಿಯರ್‌ನ ಕಣ್ಣು ಕನ್ನಡಿಗೆ ಹೋಯಿತು. ಇಂದು ಆ ಜೀಪು ಹತ್ತಿದವರು ಮುಂದಿನ ಸಂತೆಗೆ ತನ್ನ ಮಗಳ ಗಾಡಿಗಾಗಿ ಕಾಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ದಾರಿಯ ಲೆಕ್ಕವೇ ಹಾಗೆ. ಒಂದು ಸಲ ನಡುದಾರಿಯಲ್ಲಿ ಕೈ ಬಿಟ್ಟ ಗಾಡಿಯ ಹೆಸರು ಹೋದಂತೆಯೇ. ಸಂತೆಯ ದಾರಿಯಲ್ಲಿ ಜ್ಯೂಲಿ ಇನ್ನೂ ಸ್ಟೇರಿಂಗ್ ಮುಟ್ಟೇ ಇರಲಿಲ್ಲ, ಅವಳ ಗಾಡಿಯ ಹೆಸರು ಆಗಲೇ ಕೆಡುತ್ತಿತ್ತು, ಕೆಡಿಸುತ್ತಿದ್ದವನು ತಾನು.

ನಡುಸೀಟಿನ ಲಕ್ಷ್ಮಿ ತನ್ನ ಕೊತ್ತಂಬರಿ ಬುಟ್ಟಿಯನ್ನು ಎತ್ತಿಕೊಂಡಳು. ಅವಳ ಪಕ್ಕದ ಮಹಾದೇವಕ್ಕ ಮಾತ್ರ ಅಲುಗಲಿಲ್ಲ. ಮಹಾದೇವಕ್ಕನಿಗೆ ವಯಸ್ಸಾಗಿತ್ತು, ಮಂಡಿಗಳು ಎಂದೋ ಹೋಗಿದ್ದವು. ಕಾಲ ಬುಡದಲ್ಲಿ ಗೆಡ್ಡೆಯ ಚೀಲ ಇಟ್ಟುಕೊಂಡು ಗಟ್ಟಿಯಾಗಿ ಕೂತಿದ್ದಳು.

"ನಾ ಇಳ್ಯಾಂಗಿಲ್ಲ ತಮ್ಮಾ," ಎಂದಳು. "ಇಲ್ಲೇ ಕುಂತಿರ್ತೇನಿ. ನಿನ್ನ ಗಾಡ್ಯಾಗಿಂದ ಇಳದು ಗೊತ್ತಿಲ್ಲ ನನಗ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತಿಗೆ ಜೇವಿಯರ್‌ನ ಕೈ ಕೀಲಿಯಿಂದ ಕೆಳಗೆ ಜಾರಿತು.

ಜ್ಯೂಲಿ ಕೆಳಗಿಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ಸುತ್ತಿ ಬಂದು ಅಪ್ಪನ ಕಿಟಕಿಯ ಹತ್ತಿರ ನಿಂತು, ಬೇರೆಯವರಿಗೆ ಕೇಳಿಸದಂತೆ ಹೇಳಿದಳು:

"ದಾಂಡೇಲ್ಯಾಗ ಮೊದಲನೇ ದಿನ ನಾನೂ ಹಿಂಗಽ ನಿಂತಿದ್ದೆ ಅಪ್ಪಾ. ಪೆಟ್ರೋಲ್ ಗಾಡಿ, ಒಳಗ ತುಂಬ ಮಂದಿ, ಏರು, ಮೂರು ಸಲ ಬಂದ್ ಬಿತ್ತು. ನೀ ಕಲಿಸಿದ್ದು ಕಾಲಾಗಽ ಕುಂತಿತ್ತು. ಬಿಡಸ್ಕೊಳ್ಳಾಕ ಬಾಳ ದಿನಾ ಹಿಡೀತು."

"ನನಗ ಹೇಳಲೇ ಇಲ್ಲ ನೀ."

"ಹೆಂಗ ಹೇಳ್ಲಿ? ನಿನ್ನ ಮಗಳು ಏರಿನ್ಯಾಗ ನಿಂತ್ಲು ಅಂತ ಹೇಳ್ಲೇನು?"

ಜೇವಿಯರ್ ಮಗಳ ಮುಖ ನೋಡಿದ. ಅವಳು ಸ್ಟೇರಿಂಗ್ ಕೊಡು ಎಂದು ಕೇಳಲಿಲ್ಲ. ಕೇಳುವವಳೂ ಅಲ್ಲ. ಕೆಳಗೆ ಇಳಿದವರು ರೋಹಿದಾಸನ ಜೀಪಿನ ಕಡೆ ಅರ್ಧ ಮುಖ ಮಾಡಿ, ಅರ್ಧ ಇತ್ತ ನೋಡುತ್ತಿದ್ದರು.

ಅವನು ಬಾಗಿಲು ತೆರೆದು ಇಳಿದ.

"ಎಲ್ಲಾರೂ ಹತ್ರಿ," ಎಂದ. ದನಿ ಏರಿನ ಕೆಳಗಿನವರೆಗೂ ಹೋಯಿತು. "ಗಾಡಿ ಜ್ಯೂಲಿ ಹೊಡೀತಾಳ. ಇಂಜಿನ್ ಬಾಳ ಚೀರ್ತೈತಿ, ಯಾರೂ ಹೆದರಬ್ಯಾಡ್ರಿ. ಇದು ಚೀರೇ ಏರೂ ಗಾಡಿ."

"ಮತ್ತ ನೀ?" ಎಂದ ಸಾತಪ್ಪ.

"ನಾನೂ ನಿಮ್ ಜೋಡಿ ಕುಂತು ಬರ್ತೇನಿ. ಸರಿ ಅತ್ತಾಗ."

ಮುಂದಿನ ಸೀಟು ಖಾಲಿಯೇ ಇತ್ತು. ಅಲ್ಲಿ ಕೂತರೆ ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾನೆ ಎಂದು ಜನ ತಿಳಿಯುತ್ತಾರೆ. ಜೇವಿಯರ್ ಹೋಗಿ ಕಟ್ಟಕಡೆಯ ಸೀಟಿನಲ್ಲಿ, ಸಾತಪ್ಪನ ಮತ್ತು ಎರಡು ಗೆಡ್ಡೆ ಚೀಲಗಳ ನಡುವೆ ತುರುಕಿಕೊಂಡು ಕೂತ. ಅವನೇ ಹತ್ತಿದ ಮೇಲೆ ಉಳಿದವರು ಹಿಂದೆಮುಂದೆ ನೋಡಲಿಲ್ಲ. ಲಕ್ಷ್ಮಿ ಬುಟ್ಟಿ ಕೆಳಗಿಟ್ಟಳು. ರೋಹಿದಾಸ ಜೀಪನ್ನು ಸ್ವಲ್ಪ ಹಿಂದಕ್ಕೆ ತೆಗೆದು ವ್ಯಾನು ಜಾರಿದರೆ ಇರಲೆಂದು ಜಾಗ ಬಿಟ್ಟ.

ಜ್ಯೂಲಿ ಹ್ಯಾಂಡ್‌ಬ್ರೇಕು ಎಳೆದಿಟ್ಟೇ ಶುರು ಮಾಡಿದಳು. ರೇಸ್ ಕೊಟ್ಟಳು, ಇನ್ನೂ ಕೊಟ್ಟಳು. ಇಂಜಿನ್ ಎತ್ತರದ ದನಿಯಲ್ಲಿ ಕೂಗಿಕೊಂಡಾಗ ಬ್ರೇಕು ಬಿಟ್ಟಳು. ವ್ಯಾನು ಕಲ್ಲನ್ನು ಹಿಂದೆ ಬಿಟ್ಟು ಮುಂದಕ್ಕೆ ಜಿಗಿಯಿತು. ಎರಡನೇ ಗೇರಿಗೆ ಹಾಕಿದಳು. ಅಲ್ಲಿಗೆ ಮುಗಿಯಿತು, ಅವಳ ಕೈ ಮತ್ತೆ ಗೇರಿನ ಕಡೆ ಹೋಗಲಿಲ್ಲ.

ಆ ಚೀರುವಿಕೆ ಜೇವಿಯರ್‌ನ ಹಲ್ಲಿನೊಳಗೆ ಹೊಕ್ಕಂತಾಯಿತು. ಅವನ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತಿತು. ಎಡಗೈ ಗೆಡ್ಡೆ ಚೀಲದ ಕಿವಿಯನ್ನು ಹಿಡಿದು ಮೂರನೇ ಗೇರಿಗೆ ಎಳೆಯಿತು. 'ಸಾಕು, ಗೇರು ಬದಲಿಸು' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು, ಅವನು ಅದನ್ನು ನುಂಗಿಕೊಂಡ. ತಿರುವು ಬಂತು. ಅವನಾಗಿದ್ದರೆ ಇಲ್ಲಿ ಕಾಲು ತೆಗೆಯುತ್ತಿದ್ದ. ಅವಳು ತೆಗೆಯಲಿಲ್ಲ. ಗಾಡಿ ನಡುಗಲಿಲ್ಲ, ತಡವರಿಸಲಿಲ್ಲ, ಕೂಗುತ್ತಲೇ ತಿರುವನ್ನು ದಾಟಿತು.

ಆಗ ಅವನಿಗೆ ಕೇಳಿಸತೊಡಗಿತು. ಅದು ನೋವಿನ ಕೂಗಲ್ಲ. ಒಂದೇ ಎತ್ತರದಲ್ಲಿ, ಎಲ್ಲೂ ಕಡಿಯದೆ ನಿಂತಿದ್ದ ದನಿ ಅದು. ಅವಳ ಕಾಲು ಆ ದನಿಯನ್ನು ಏರಲೂ ಬಿಡದೆ ಇಳಿಯಲೂ ಬಿಡದೆ ಹಿಡಿದಿತ್ತು. ಕಿವಿಗೊಟ್ಟು ಓಡಿಸುವುದನ್ನು ತಾನೇ ಕಲಿಸಿದ್ದ. ಯಾವ ದನಿಗೆ ಕಿವಿಗೊಡಬೇಕು ಎಂಬುದನ್ನು ಅವಳು ಒಬ್ಬಳೇ ಕಲಿತಿದ್ದಳು. ಜೇವಿಯರ್‌ಗೆ ಹೆಮ್ಮೆ ಉಕ್ಕಿತು. ತನ್ನ ಜೀಪು ಸಾಹೇಬರ ಗಾಡಿಯನ್ನು ಹಳ್ಳದಿಂದ ಎಳೆದು ತಂದ ದಿನವೂ ಇಷ್ಟು ಹೆಮ್ಮೆಯಾಗಿರಲಿಲ್ಲ. ಕಣ್ಣು ತುಂಬಿಕೊಂಡದ್ದನ್ನು ಸಾತಪ್ಪ ನೋಡದಿರಲಿ ಎಂದು ಕಿಟಕಿಯ ಕಡೆ ತಿರುಗಿದ.

ಕೆಳಗೆ ರೋಹಿದಾಸನ ಜೀಪು ನಿಂತಿತ್ತು. ಅದರಿಂದ ಗಂಡಸರು ಇಳಿಯುತ್ತಿದ್ದರು.

ಏರಿನ ನೆತ್ತಿಯಲ್ಲಿ ಜ್ಯೂಲಿ ಮೂರನೇ ಗೇರಿಗೆ ಹಾಕಿದಳು. ಗದ್ದಲ ಒಮ್ಮೆಲೇ ತಗ್ಗಿತು. ಮಹಾದೇವಕ್ಕ ಸೆರಗಿನಿಂದ ಕಿವಿ ಒರೆಸಿಕೊಂಡು, "ಏನ್ ಬೊಬ್ಬಿ ಹೊಡೀತೈತವಾ ನಿನ್ನ ಗಾಡಿ! ಕಿವಿ ಕಿತ್ತು ಹೋದ್ವು," ಎಂದಳು. "ಇರ್ಲಿ. ಮಂಡಿ ಉಳದ್ವು."

ವ್ಯಾನಿನ ತುಂಬ ನಗೆ ಎದ್ದಿತು. ಕನ್ನಡಿಯಲ್ಲಿ ಜ್ಯೂಲಿಯ ಕಣ್ಣುಗಳು ಹಿಂದಿನ ಸೀಟನ್ನು ಹುಡುಕಿದವು. ಜೇವಿಯರ್ ಗಂಭೀರವಾಗಿ, "ರಸ್ತೆ ನೋಡಿ ಹೊಡಿಯವಾ," ಎಂದ.

ಜೋಯಿಡಾದಲ್ಲಿ ಗಾಡಿಗಳು ನಿಲ್ಲುವ ಜಾಗದ ಎದುರಿಗೇ ಶಂಕ್ರವ್ವನ ಚಹಾದಂಗಡಿ. ಅಲ್ಲೊಂದು ಪದ್ಧತಿ. ದೂರದಿಂದ ಬಂದ ಗಾಡಿಯ ಡ್ರೈವರ್ ಇಳಿದು ಹೋಗಿ ಚಹಾ ಕುಡಿಯುವುದಿಲ್ಲ. ಅವನ ಚಹಾ ಕಿಟಕಿಗೇ ಬರುತ್ತದೆ, ಸಾಸರಿನ ಸಮೇತ. ಸಾಮಾನು ಇಳಿಸುವ ಕ್ಲೀನರ್‌ಗೆ ಗ್ಲಾಸು. ಜೇವಿಯರ್ ಬಂದನೆಂದು ಕೇಳಿದ ಶಂಕ್ರವ್ವ ಕಪ್-ಸಾಸರು ಹಿಡಿದು ಬಂದವಳು, ಕಿಟಕಿಯಲ್ಲಿ ಜ್ಯೂಲಿಯನ್ನು ಕಂಡು ತಬ್ಬಿಬ್ಬಾಗಿ ನಿಂತಳು. ಹಿಂದೆ ಜೇವಿಯರ್ ಗೆಡ್ಡೆಯ ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದ.

"ಜೇವಿಯರಣ್ಣಾ, ನಿನ್ನ ಚಹಾ ಎಲ್ಲಿ ಕೊಡ್ಲಿ?"

"ಸಾಸರಿಂದು ಅಲ್ಲೇ ಕೊಡು ಶಂಕ್ರವ್ವಾ. ಡ್ರೈವರ್ ಅಲ್ಲಿ ಅದಾಳ," ಎಂದ ಜೇವಿಯರ್. "ನನಗ ಆಮ್ಯಾಲ ಗ್ಲಾಸಿನ್ಯಾಗ ಕೊಡು. ನಾ ಕ್ಲೀನರ್."

ಜ್ಯೂಲಿ ತಲೆ ಹೊರಹಾಕಿ ಏನೋ ಹೇಳಹೊರಟಳು. ಅಷ್ಟರಲ್ಲಿ ಅವನು ಮಹಾದೇವಕ್ಕನ ಹಿಂದೆ ಸಂತೆಯ ಕಡೆ ಹೊರಟಿದ್ದ.

ಮಧ್ಯಾಹ್ನ ಸಂತೆ ಚದುರುವ ಹೊತ್ತಿಗೆ ಗಾಡಿಗಳೆಲ್ಲ ಸಾಲಾಗಿ ನಿಂತಿದ್ದವು. ಅವುಗಳ ಕ್ಲೀನರ್ ಹುಡುಗರು ಒಬ್ಬರ ಮೇಲೊಬ್ಬರು ದನಿ ಏರಿಸಿ ಊರುಗಳ ಹೆಸರು ಕೂಗುತ್ತಿದ್ದರು. ಡ್ರೈವರುಗಳು ಕೂಗುವುದಿಲ್ಲ, ಅದು ಅವರ ಘನತೆಗೆ ಕಡಿಮೆ. ಜೇವಿಯರ್ ಜೀವಮಾನದಲ್ಲಿ ಒಮ್ಮೆಯೂ ಪ್ರಯಾಣಿಕರನ್ನು ಕೂಗಿ ಕರೆದವನಲ್ಲ. ಅವನು ಚಹಾದ ಗ್ಲಾಸನ್ನು ಕಟ್ಟೆಯ ಮೇಲಿಟ್ಟ. ಹೆಗಲ ಮೇಲಿನ ಮಣ್ಣು ಕೊಡವಿಕೊಂಡು ವ್ಯಾನಿನ ಪಕ್ಕಕ್ಕೆ ಹೋಗಿ ನಿಂತ, ಅದರ ಮೈಯನ್ನು ಅಂಗೈಯಿಂದ ಎರಡು ಸಲ ಬಡಿದ.

"ಕುಂಬಾರವಾಡ! ಕುಂಬಾರವಾಡ! ಬರ್ರಿ, ಜ್ಯೂಲಿ ಗಾಡಿ ಐತಿ, ಬರ್ರಿ!"

ದನಿ ಮೊದಲ ಸಲ ಸ್ವಲ್ಪ ಒಡೆಯಿತು. ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಇನ್ನೂ ಜೋರಾಗಿ ಕೂಗಿದ.