ಮೆಟ್ಟಿಲ ಮೇಲೆ ಕೂತು ಬರೆಯಬಾರದ ಕಥೆ

1.

ಎಲ್ಲಿಂದ ಶುರು ಮಾಡಲಿ? ಬಾಗಿಲಿನಿಂದ ಶುರು ಮಾಡಿದರೆ ನಾಯಿ ಒಳಗೆ ಉಳಿಯುತ್ತದೆ, ನಾಯಿಯಿಂದ ಶುರು ಮಾಡಿದರೆ ನಾನು ಹೊರಗೆ ಉಳಿಯುತ್ತೇನೆ. ಡೈರಿಯಲ್ಲಿ ಮೂರು ದಿನದಿಂದ ಇದೇ ಜಗ್ಗಾಟ. ಮೊದಲ ಡ್ರಾಫ್ಟ್ ಹೀಗಿತ್ತು: "ಅವಳು ಬಾಗಿಲು ಎಳೆದುಕೊಂಡಳು. ಒಳಗಿನಿಂದ ಎದೆ ಸೀಳುವ ಆರ್ತನಾದ ಕೇಳಿಬಂತು." ಹೊಡೆದುಹಾಕಿದೆ. ಆರ್ತನಾದವಂತೆ! ಅದು ಊಳು. ಶುದ್ಧ ಊಳು. ಬೇಕಿದ್ದರೆ ಕೆಳಮನೆಯ ನರ್ಸಮ್ಮನನ್ನು ಕೇಳಿ.

(ಎರಡನೇ ಡ್ರಾಫ್ಟಿನಲ್ಲಿ ನಾಯಿಯೇ ಕಥೆ ಹೇಳುತ್ತಿತ್ತು. ಅದಕ್ಕೇ ಓದಿ ಹೇಳಿದೆ. ಆಕಳಿಸಿ, ಬೆನ್ನು ತಿರುಗಿಸಿ ಮಲಗಿತು. ಇಷ್ಟು ಖಡಕ್ ವಿಮರ್ಶೆ ನನಗೆ ಈವರೆಗೆ ಸಿಕ್ಕಿರಲಿಲ್ಲ.)

2.

ಸರಿ, ನೆಟ್ಟಗೆ ಹೇಳುತ್ತೇನೆ. ನಾಯಿಯ ಹೆಸರು ಬಾಲಂಗೋಚಿ. ಬಚ್ಚಲಿಗೆ ಹೋದರೂ ನನ್ನ ಹಿಂದೆಯೇ ಬರುತ್ತದೆಂದು ಅಕ್ಕ ಇಟ್ಟದ್ದು, ಕರೆಯುವಾಗ ಗೋಚಿ. ಡಿಗ್ರಿ ಮುಗಿದ ಮೇಲೆ ಎರಡು ವರ್ಷ ನಾನು ಮನೆಯಲ್ಲೇ ಇದ್ದೆ. ಮೂವರು ನಿಂತಿರುವ ಕಡೆ ನಾಲ್ಕನೆಯವಳಾಗಿ ನಿಲ್ಲುವುದೂ ನನಗೆ ಕಷ್ಟ. ಹೀಗಾಗಿ ನಾನಿಲ್ಲದ ಮನೆ ಹೇಗಿರುತ್ತದೆಂದು ತಿಳಿಯಲು ಗೋಚಿಗೆ ಅವಕಾಶವೇ ಸಿಗಲಿಲ್ಲ.

ಈಗ ಗ್ರಂಥಾಲಯವೊಂದರಲ್ಲಿ ಕೆಲಸ ಸಿಕ್ಕಿದೆ, ಒಂದನೇ ತಾರೀಖಿನಿಂದ. ಬೆಳಿಗ್ಗೆ ಒಂಬತ್ತೂವರೆಗೆ ಮನೆ ಬಿಡಬೇಕು. ಅಕ್ಕ ಬೇಕರಿಯ ಬೆಳಗಿನ ಪಾಳಿ ಮುಗಿಸಿ ಬರುವುದು ಹತ್ತೂವರೆಗೆ. ನಡುವೆ ಒಂದು ಗಂಟೆ. ಕಥೆಯೆಲ್ಲ ಇರುವುದು ಆ ಒಂದು ಗಂಟೆಯಲ್ಲಿ.

ಏಕೆಂದರೆ, ಕೆಲಸದ ಓಡಾಟ ಶುರುವಾದ ಮೇಲೆ ಗೊತ್ತಾಯಿತು, ನಾನು ಗೇಟು ದಾಟಿದರೆ ಗೋಚಿ ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ, ಜೊಲ್ಲು ಸುರಿಸಿ ನೆಲವನ್ನೆಲ್ಲ ಒದ್ದೆ ಮಾಡುತ್ತದೆ. ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಮಲಗುವ ನರ್ಸಮ್ಮ ಒಂದು ದಿನ ಕೆಂಪು ಕಣ್ಣು ಹೊತ್ತು ಮೇಲೆ ಬಂದರು.

"ನಾಯಿ ಮೇಲೆ ನಂಗೇನೂ ಕೋಪ ಇಲ್ಲಮ್ಮ. ಆದ್ರೆ ನಿದ್ದೆಗೆಟ್ಟು ನಾನು ಯಾರಿಗೋ ಇನ್ಯಾರದ್ದೋ ಔಷಧಿ ಕೊಟ್ರೆ ಯಾರು ಹೊಣೆ?"

ಅಕ್ಕ ಅಂದೇ ತೀರ್ಮಾನ ಹೇಳಿದಳು. "ಒಂದನೇ ತಾರೀಖಿನೊಳಗೆ ಸರಿಹೋದ್ರೆ ಸರಿ. ಇಲ್ಲಾಂದ್ರೆ ಬೇಕರಿಗೆ ಹಾಲು ಹಾಕೋರ ಮನೆಗೆ ಕೊಟ್ಬಿಡೋಣ. ಯಾವಾಗ್ಲೂ ಮನೆ ತುಂಬ ಜನ, ಒಂಟಿ ಅನ್ನೋ ಮಾತೇ ಇಲ್ಲ."

(ಇಲ್ಲಿ ಅಕ್ಕ ಡೈರಿಯೊಳಗೆ ಇಣುಕಿದಳು.

"ನನ್ನನ್ನ ಯಾಕೆ ವಿಲನ್ ಮಾಡ್ತಿದ್ದೀಯ?"

"ನೀನು ಹೇಳಿದ್ದನ್ನೇ ಬರೆದಿದ್ದೀನಿ."

"ಹೇಳ್ದಾಗ ಕಣ್ಣಲ್ಲಿ ನೀರಿತ್ತು ಕಣೇ. ಅದನ್ನ ಬರಿ."

"ಈರುಳ್ಳಿ ಹೆಚ್ತಿದ್ದೆ ನೀನು."

"ಕಥೆ ತಾನೆ? ಈರುಳ್ಳಿ ತೆಗಿ."

ಅಕ್ಕನ ಕಣ್ಣಲ್ಲಿ ನೀರಿತ್ತು. ಸಾಕಾ?)

3.

ಪಶುವೈದ್ಯೆ ಹೇಳಿದ ದಾರಿ ಕೇಳಲು ಸುಲಭ. ಬೀಗದಕೈ ಎತ್ತಿಕೊಂಡು ಎಲ್ಲಿಗೂ ಹೋಗದೆ ಕುಳಿತಿರಬೇಕು. ಚಪ್ಪಲಿ ಮೆಟ್ಟಿಕೊಂಡು ಪಾತ್ರೆ ತೊಳೆಯಬೇಕು. ಹೋಗುವಾಗ ಟಾಟಾ ಇಲ್ಲ, ಬಂದಾಗ ಮುದ್ದಿಲ್ಲ. ಮೊದಲು ಐದು ಸೆಕೆಂಡು ಆಚೆ, ಆಮೇಲೆ ಹತ್ತು. ನಾಯಿ ಗಾಬರಿಯಾಗುವ ಮೊದಲೇ ವಾಪಸ್ಸು. ಹಳೆಯ ಫೋನೊಂದನ್ನು ಒಳಗಿಟ್ಟು ವಿಡಿಯೋ ಮಾಡಿ ಎಂದೂ ಹೇಳಿದ್ದರು. ಕಿವಿ ಇರುವಾಗ ಫೋನೇಕೆ ಎಂದುಕೊಂಡೆ. ಬಾಗಿಲು ಎಳೆದುಕೊಂಡು ಅದಕ್ಕೇ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕುಳಿತೆ. ತೊಡೆಯ ಮೇಲೆ ಡೈರಿ.

ಐದು ಸೆಕೆಂಡು, ಸದ್ದಿಲ್ಲ. ಎರಡು ನಿಮಿಷ, ಸದ್ದಿಲ್ಲ. ಹದಿನೆಂಟು ನಿಮಿಷ, ಸದ್ದಿಲ್ಲ. ವಾರದೊಳಗೆ ಒಂದು ಗಂಟೆ ಐದು ನಿಮಿಷ, ಸದ್ದಿಲ್ಲ!!! (ಮೂರು ಆಶ್ಚರ್ಯಸೂಚಕ. ನಾಚಿಕೆಯಾಗುತ್ತದೆ, ಆದರೂ ಅಳಿಸುವುದಿಲ್ಲ.)

ಕಥೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಮುಗಿಸಿಯೂ ಇದ್ದೆ. "ಪ್ರೀತಿಯಿಂದ ಏನು ತಾನೆ ಸಾಧ್ಯವಿಲ್ಲ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ. ಅಷ್ಟರಲ್ಲಿ ನರ್ಸಮ್ಮ ಮೆಟ್ಟಿಲು ಹತ್ತಿ ಬಂದರು, ವಾರದಿಂದ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ಹೇಳಿಹೋಗಲು. ನನ್ನನ್ನು ನೋಡಿದರು, ನನ್ನ ಬೆನ್ನ ಹಿಂದೆ ನೋಡಿದರು.

"ನಾಯಿ ಎಲ್ಲಿದೆ ಗೊತ್ತಾ?"

"ಒಳಗೆ, ಚಾಪೆ ಮೇಲೆ."

"ತಿರುಗಿ ನೋಡು ತಾಯಿ."

ಬಾಗಿಲ ಕೆಳಗಿನ ಸಂದಿಯಲ್ಲಿ ಕಪ್ಪು ಮೂಗಿನ ಒದ್ದೆ ತುದಿ. ನನ್ನ ಸೊಂಟಕ್ಕೂ ಅದಕ್ಕೂ ನಾಲ್ಕು ಬೆರಳು ದೂರ. ಅದರ ಉಸಿರಿಗೆ ನನ್ನ ಅಂಗಿಯ ಅಂಚು ಅಲುಗುತ್ತಿತ್ತು.

"ನೀನು ಹೋಗೇ ಇಲ್ಲ ಅಂತ ಅದಕ್ಕೆ ಗೊತ್ತು. ನಿಂಗೇ ಗೊತ್ತಿಲ್ಲ," ಎಂದರು ನರ್ಸಮ್ಮ. "ಇಷ್ಟು ದಿನ ಟ್ರೈನಿಂಗ್ ಕೊಟ್ಟಿದ್ದು ಯಾರಿಗೆ?"

0.

ಹೌದು, ಸೊನ್ನೆ. ನಾಲ್ಕು ಎಂದು ಬರೆಯಲು ಕೈ ಬರಲಿಲ್ಲ. ಒಂದನೇ ತಾರೀಖಿಗೆ ಇನ್ನು ಹತ್ತೊಂಬತ್ತು ದಿನ. ಇಲ್ಲಿ ನಾಯಕಿ ಅಳಬೇಕೆಂದು ನೀವು ಕಾಯುತ್ತಿದ್ದೀರಿ. ಅತ್ತೆ. ಎರಡು ನಿಮಿಷ. ಅದಕ್ಕೊಂದು ಪ್ಯಾರಾ ಕೊಡುವುದಿಲ್ಲ.

ಮಾರನೇ ದಿನ ಹಳೆಯ ಫೋನನ್ನು ಕಪಾಟಿನ ಮೇಲೆ ನಿಲ್ಲಿಸಿ, ಮೆಟ್ಟಿಲಿಳಿದು, ಗೇಟು ದಾಟಿ ನಿಜಕ್ಕೂ ಹೋದೆ. ಎಂಟು ಸೆಕೆಂಡು. ವಾಪಸ್ಸು. ಮತ್ತೆ ಎಂಟು. ಎದುರಿನ ಕಟಿಂಗ್ ಶಾಪಿನವರು ಕತ್ತರಿ ನಿಲ್ಲಿಸಿ ಕೇಳಿದರು:

"ಏನಮ್ಮ, ಏನಾದ್ರೂ ಮರೆತ್ರಾ?"

"ಇಲ್ಲ."

ಒಂಬತ್ತನೇ ಸಲ ಹೊರಬಂದಾಗ ಅವರೂ, ಅರ್ಧ ಕೂದಲಿನ ಗಿರಾಕಿಯೂ ಒಟ್ಟಿಗೆ ಕತ್ತು ಚಾಚಿದರು. ಹಿಂದಿನ ನಾನಾಗಿದ್ದರೆ ತಿಂಗಳುಗಟ್ಟಲೆ ಆ ಬೀದಿಗೆ ಕಾಲಿಡುತ್ತಿರಲಿಲ್ಲ. ಹತ್ತನೇ ಸಲ ಹೊರಬಂದೆ.

ಏಳನೇ ದಿನ ನಾಲ್ಕು ನಿಮಿಷ. ಹತ್ತನೇ ದಿನ ಮತ್ತೆ ಬಾಗಿಲು ಕೆರೆತ. ಎರಡು ನಿಮಿಷಕ್ಕೆ ಇಳಿಸಿ ಮೊದಲಿನಿಂದ ಹತ್ತಿದೆ. ಹದಿನೇಳನೇ ದಿನ ನಲವತ್ತೊಂದು. ವಿಡಿಯೋದಲ್ಲಿ ಗೋಚಿ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು, ಚಾಪೆಯ ಮೇಲೆ ಮೂರು ಸುತ್ತು ಸುತ್ತಿ ಮಲಗಿತ್ತು. ನಾನಿಲ್ಲದೆ, ಆರಾಮಾಗಿ. ಖುಷಿಯಾಯಿತು. ಜೊತೆಗೆ ಚೂರು ಹೊಟ್ಟೆಕಿಚ್ಚೂ ಆಯಿತು. ಡೈರಿ ಎಂದ ಮೇಲೆ ಅದನ್ನೂ ಬರೆಯಬೇಕು.

ಬೇಕಿರುವುದು ಅರವತ್ತು, ಕೈಯಲ್ಲಿರುವುದು ನಲವತ್ತೊಂದು, ಉಳಿದಿರುವುದು ಎರಡೇ ದಿನ.

"ಅರವತ್ತು ಅಂತ ಬರೆದ್ಬಿಡೇ," ಎಂದಳು ಅಕ್ಕ. "ಕಥೇಲಿ ಗಡಿಯಾರ ಯಾರು ನೋಡ್ತಾರೆ?"

ಆದರೆ ಮೆಟ್ಟಿಲ ಮೇಲೆ ಕೂತು ಒಮ್ಮೆ ಅಂಥ ಲೆಕ್ಕ ಬರೆದಾಗಿದೆ. ಡೈರಿಯ ಹೊಸ ಪುಟದಲ್ಲಿ ಒಂದು ಫೋನ್ ಕರೆಯನ್ನು ನಾಲ್ಕು ಬಾರಿ ಬರೆದೆ: ನಾನು ಹೇಳುವುದು, ಅವರು ಹೇಳುವುದು, ನಾನು ತೊದಲುವುದು, ನಾನು ಕರೆ ಕತ್ತರಿಸುವುದು. ಐದನೆಯದನ್ನು ಬರೆಯದೆ ನೇರವಾಗಿ ಗ್ರಂಥಪಾಲಕರಿಗೆ ಫೋನ್ ಮಾಡಿದೆ.

"ಸರ್, ಮೊದಲ ಎರಡು ವಾರ ಇಪ್ಪತ್ತು ನಿಮಿಷ ತಡವಾಗಿ ಬರಬಹುದಾ?"

"ಯಾಕಮ್ಮ?"

"ನಮ್ಮ ನಾಯಿ... ನಲವತ್ತು ನಿಮಿಷ ಒಂಟಿಯಾಗಿರೋದು ಕಲ್ತಿದೆ ಸರ್. ಒಂದು ಗಂಟೆ ಇನ್ನೂ ಕಲ್ತಿಲ್ಲ."

ಅತ್ತ ಕಡೆ ಪುಟ ತಿರುವುವ ಸದ್ದು. ಅದನ್ನು ನನ್ನ ನಾಲ್ಕು ಡ್ರಾಫ್ಟಿನಲ್ಲೂ ನಾನು ಬರೆದಿರಲಿಲ್ಲ.

"ಸಂಜೆ ಇಪ್ಪತ್ತು ನಿಮಿಷ ಜಾಸ್ತಿ ಕೂರ್ತೀರಾ?"

"ಕೂರ್ತೀನಿ ಸರ್."

"ಹಾಗಾದ್ರೆ ಬನ್ನಿ. ನಾಯಿ ಹೆಸರೇನು?"

1, ಮತ್ತೊಮ್ಮೆ.

ಇವತ್ತು ಒಂದನೇ ತಾರೀಖು. ಗಂಟೆ ಒಂಬತ್ತು ನಲವತ್ತೇಳು. ಅಕ್ಕ ಹತ್ತೂವರೆಗೆ ಬರುತ್ತಾಳೆ. ನೀವು ಮುಕ್ತಾಯ ಕೇಳುತ್ತೀರಿ.

ಮುಕ್ತಾಯ ಅ: ಗೋಚಿ ಮಲಗುತ್ತದೆ, ನರ್ಸಮ್ಮನೂ ಮಲಗುತ್ತಾರೆ. ಆ: ಮೂವತ್ತನೇ ನಿಮಿಷಕ್ಕೆ ಊಳು, ಸಂಜೆ ಹಾಲಿನವರ ಗಾಡಿ. ಇ: ನಾನು ಬೀದಿಯ ತಿರುವಿನಿಂದ ಓಡಿ ಬರುತ್ತೇನೆ. (ಮೂರನೆಯದನ್ನು ಈಗಲೇ ಹೊಡೆದುಹಾಕಿದ್ದೇನೆ. ಉಳಿದೆರಡು ನನ್ನ ಕೈಯಲ್ಲಿಲ್ಲ.)

ಬಾಗಿಲಿನಾಚೆ ಕೂತು ಒಳಗೆ ನಡೆಯುವುದನ್ನು ಬರೆದೆನೆಂದರೆ ನಾನು ಹೋಗಿಲ್ಲವೆಂದೇ ಅರ್ಥ. ಆದ್ದರಿಂದ ಡೈರಿಯನ್ನು ಒಳಗೇ, ಚಾಪೆಯ ಪಕ್ಕದಲ್ಲೇ ಬಿಟ್ಟು ಹೋಗುತ್ತೇನೆ. ಅದರಲ್ಲಿ ನನ್ನ ಕೈಯ ವಾಸನೆ ಇದೆ. ಬೇಕಿದ್ದರೆ ಗೋಚಿ ಮೂಸಲಿ, ಹರಿದರೆ ಹರಿಯಲಿ.

ಡೈರಿ ಒಳಗಿದ್ದರೆ ನೀವೂ ಒಳಗೇ. ಹಾಗಾಗಿ ಒಂದೆರಡು ಮಾತು: ಅದು ಬಾಗಿಲ ಬಳಿ ನಿಂತರೆ ಅಯ್ಯೋ ಪಾಪ ಎನ್ನಬೇಡಿ. ನಿಮ್ಮತ್ತ ನೋಡಿದರೆ ಮುದ್ದಿಸಬೇಡಿ. ಬಾಗಿಲ ಕೆಳಗಿನ ಸಂದಿಯನ್ನು ಒಮ್ಮೆ ನೋಡಿ. ಅಲ್ಲಿ ಬರೀ ಬೆಳಕಿರಬೇಕು.

ಒಂಬತ್ತು ಐವತ್ತು. ಟಾಟಾ ಹೇಳುವಂತಿಲ್ಲ